ಹಳಿ ಹಾಕಾಯ್ತು, ಗಾಡಿನೂ ಬಂತು, ಜನರನ್ನ ಮಾತ್ರ ಯಾಕೆ ಹತ್ತಿಸ್ತಿಲ್ಲ?

ಪ್ರಶ್ನೆ: ಸಾರ್, ನಾನು ಮೈಸೂರು ಬೋಗಾದಿಯವನು, ಬ್ಯಾಂಕಿಂದ ರಿಟೈರ್ ಆಗಿದೀನಿ. ಮಗಳು ಬೆಂಗ್ಳೂರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲ್ಸ ಮಾಡ್ತಾಳೆ, ಹಳದಿ ಲೈನ್ ಕಂಬ ಎದ್ದು ಹಳಿ ಹಾಕಿದ್ಮೇಲೂ ಬಹಳ ಕಾಲ ಅದ್ರ ಕೆಳಗಡೆ ಟ್ರಾಫಿಕ್ಕಲ್ಲೇ ಒದ್ದಾಡಿದ್ಲು. ಮಗ ಟೊರಾಂಟೊದಲ್ಲಿದಾನೆ, ಅಲ್ಲಿ ಎಗ್ಲಿಂಟನ್ ರಸ್ತೆ ಲೈಟ್ ರೈಲು, ಅಂದ್ರೆ ಸಣ್ಣ ಮೆಟ್ರೊ ಥರದ್ದು, 2011ರಲ್ಲಿ ಕೆಲ್ಸ ಶುರುವಾಗಿದ್ದು 2025 ಮುಗಿದ್ರೂ ಜನಕ್ಕೆ ಬಾಗಿಲು ತೆಗೀಲಿಲ್ಲ ಅಂತಾನೆ. ಅಷ್ಟೊಂದು ದಿನ ಖಾಲಿ ಟ್ರೇನ್ ಓಡಿಸ್ಕೊಂಡು ಇವ್ರು ಏನ್ ಟೆಸ್ಟ್ ಮಾಡ್ತಾರೆ? ನಿಜವಾಗ್ಲೂ ಬೇಕಾ, ಇಲ್ಲ ಕಂಟ್ರಾಕ್ಟರು ಆಫೀಸರುಗಳ ನಾಟಕನಾ? ಇನ್ನೊಂದು, ಮೈಸೂರಿಗೂ ಲೈಟ್ ಮೆಟ್ರೊ ಬರುತ್ತೆ, ರಿಂಗ್ ರೋಡ್ ಪಕ್ಕ ಸೈಟ್ ತಗೊಳಿ ಅಂತ ಒಬ್ಬ ಏಜೆಂಟು ದಿನಾ ಫೋನ್ ಮಾಡ್ತಿದಾನೆ. ತಗೋಬೋದಾ?

ಉತ್ತರ: ಸಾರ್, ಸೈಟಿನ ವಿಷ್ಯ ಕೊನೇಲಿ ಹೇಳ್ತೀನಿ, ಅದು ಸುಲಭ. ಮೊದ್ಲು ಟೆಸ್ಟಿಂಗ್ ಕಥೆ, ಯಾಕಂದ್ರೆ ನಾನು ಸರ್ವೀಸ್ ಪೂರ್ತಿ ಮಾಡಿದ್ದೇ ಆ ಕೆಲ್ಸ. ಟೆಸ್ಟಿಂಗ್ ಅಂಡ್ ಕಮಿಷನಿಂಗ್ ಅಂತ ಹೆಸ್ರು, ಸೈಟಲ್ಲಿ ಎಲ್ರೂ ಬರೀ ಟಿ ಅಂಡ್ ಸಿ ಅಂತೀವಿ. ಲೈನ್ ಲೇಟಾದಾಗ ಬೈಸ್ಕೊಳೋ ಡಿಪಾರ್ಟ್‌ಮೆಂಟು.

ಟೆಸ್ಟು ನಾಟಕ ಅಲ್ಲ ಸಾರ್. ಆದ್ರೆ "ಟೆಸ್ಟಿಂಗ್ ನಡೀತಿದೆ, ಅದ್ಕೇ ಲೇಟು" ಅಂತ ಪೇಪರಿಗೆ ಹೇಳೋದ್ರಲ್ಲಿ ನಾಟಕ ಸಾಕಷ್ಟಿದೆ. ಒಂದು ಲೈನಿನ ಕೆಲ್ಸದಲ್ಲಿ ಟೆಸ್ಟಿಂಗ್ ಬರೋದು ಕಟ್ಟಕಡೇಲಿ. ಜಮೀನು ಕೈಗೆ ಸಿಗೋದು ಲೇಟು, ನೀರಿನ ಪೈಪು ಕೇಬಲ್ಲು ಜರುಗ್ಸೋದು ಲೇಟು, ಗಾಡಿ ಆರ್ಡರ್ ಮಾಡಿದ್ದೇ ಲೇಟು, ಹಿಂಗೆ ಹಿಂದಿನವರೆಲ್ಲಾ ತಿಂದು ಮುಗಿಸಿದ ಟೈಮು ಕೊನೆಗೆ ಟೆಸ್ಟಿಂಗ್ ಖಾತೆಗೆ ಡೆಬಿಟ್ ಆಗುತ್ತೆ, ನೀವು ಬ್ಯಾಂಕಿನವ್ರು, ನಿಮಗೆ ಅರ್ಥ ಆಗುತ್ತೆ. ಓಪನಿಂಗ್ ಡೇಟನ್ನ ಮಾತ್ರ ಯಾರೋ ಸ್ಟೇಜ್ ಮೇಲೆ ಮೊದ್ಲೇ ಹೇಳ್ಬಿಟ್ಟಿರ್ತಾರೆ. ಆಗ ಉಳಿಯೋದು ಎರಡೇ ದಾರಿ, ಡೇಟ್ ಮುಂದಕ್ಕೆ ಹಾಕೋದು, ಇಲ್ಲಾ ಟೆಸ್ಟ್ ಮೊಟಕು ಮಾಡೋದು. ಮೊದಲನೇದು ಮಾಡಿದ್ರೆ ಮಾರನೇ ದಿನಾನೇ ಜನ ಉಗೀತಾರೆ. ಎರಡನೇದು ಮಾಡಿದ್ರೆ ಆವತ್ತು ಯಾರಿಗೂ ಗೊತ್ತಾಗಲ್ಲ, ಜನ ಹತ್ತಿ ಕೆಲವು ತಿಂಗ್ಳಾದ್ಮೇಲೆ ಗೊತ್ತಾಗುತ್ತೆ. ನನ್ನ ಕೇಳಿದ್ರೆ ಹೆದರ್ಬೇಕಾದ್ದು ಎರಡನೇದಕ್ಕೆ, ಅದು ಹೇಗೆ ಅಂತ ಮುಂದೆ ಒಟ್ಟಾವಾ ಊರಿನ ಕಥೆ ಹೇಳ್ತೀನಿ.

ಮೊದ್ಲು ನಿಮ್ ಮಗಳು ನೋಡಿದ ಹಳದಿ ಲೈನು. ಆರ್.ವಿ. ರೋಡಿಂದ ಬೊಮ್ಮಸಂದ್ರ, 19 ಕಿಲೋಮೀಟರ್ ಹತ್ರಹತ್ರ, 16 ಸ್ಟೇಷನ್ನು. ಅಲ್ಲಿ ಕಂಬ, ಹಳಿ, ಸ್ಟೇಷನ್ ಎಲ್ಲಾ ಕಾಯ್ಕೊಂಡ್ ಕೂತಿತ್ತು, ಇಲ್ದೇ ಇದ್ದಿದ್ದು ಟ್ರೇನು. 2019ರಲ್ಲಿ 216 ಬೋಗಿಗಳ ಆರ್ಡರು ಚೀನಾದ ಸಿಆರ್‌ಆರ್‌ಸಿ ಕಂಪ್ನಿಗೆ ಹೋಯ್ತು, ಬಹುಪಾಲು ಬೋಗಿನ ಇಲ್ಲೇ ಫ್ಯಾಕ್ಟ್ರಿ ಹಾಕಿ ಮಾಡ್ಕೊಡ್ಬೇಕು ಅಂತ ಕರಾರು, ಅಷ್ಟೊತ್ತಿಗೆ ಕೋವಿಡ್ ಬಂತು, ಗಡಿ ಗಲಾಟೆ ಬಂತು, ಚೀನಾ ಹೂಡಿಕೆಗೆ ಕೇಂದ್ರ ಬಿಗಿ ಮಾಡ್ತು, ಅವ್ರ ಫ್ಯಾಕ್ಟ್ರಿ ಇಲ್ಲಿ ಏಳ್ಲೇ ಇಲ್ಲ, ಕೊನೆಗೆ ಬಂಗಾಳದ ಟಿಟಾಗಢ ಕಂಪ್ನಿ ಜೊತೆ ಸೇರ್ಕೊಂಡು ಕೆಲ್ಸ ಮುಂದಕ್ಕೆ ಹೋಯ್ತು. ಮೊದಲ ಟ್ರೇನು ಚೀನಾದಿಂದ ಹಡಗಲ್ಲಿ ಬಂದು ಹೆಬ್ಬಗೋಡಿ ಡಿಪೋ ಮುಟ್ಟಿದ್ದು 2024ರ ಫೆಬ್ರವರಿಲಿ, ಟಿಟಾಗಢದಿಂದ ಇನ್ನೊಂದು ಬಂದಿದ್ದು 2025 ಶುರುವಾದ್ಮೇಲೆ. 2025ರ ಆಗಸ್ಟ್ 10ಕ್ಕೆ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು, ಮಾರನೇ ದಿನ ಜನ ಹತ್ತಿದ್ರು, ಇದ್ದಿದ್ದೇ ಮೂರು ಟ್ರೇನು, 25 ನಿಮಿಷಕ್ಕೊಂದು.

ಈಗ ಆ ಮಧ್ಯದ ಒಂದೂವರೆ ವರ್ಷ ನೋಡಿ. ಅಷ್ಟೂ ದಿನ ಟೆಸ್ಟ್ ನಡೀತಿತ್ತಾ ಅಂದ್ರೆ ನಡೀತಿತ್ತು, ಆದ್ರೆ ಒಂದೇ ಟ್ರೇನ್ ಇಟ್ಕೊಂಡು ಏನೇನ್ ಮಾಡಕ್ಕಾಗುತ್ತೆ? ಬ್ರೇಕ್ ನೋಡ್ಬೋದು, ಅಲುಗಾಟ ನೋಡ್ಬೋದು, ಕರೆಂಟ್ ನೋಡ್ಬೋದು. ಮುಂದಿನ ಟ್ರೇನ್ ಎಲ್ಲಿದೆ ಅಂತ ಹಿಂದಿನ ಟ್ರೇನಿಗೆ ರೇಡಿಯೋಲಿ ತಿಳ್ಸಿ ಅಂತರ ಕಾಯೋ ಸಿಗ್ನಲ್ ಸಿಸ್ಟಮ್ಮು ಆ ಲೈನಿಂದು, ಸಿಬಿಟಿಸಿ ಅಂತಾರೆ, ಬೆಂಗ್ಳೂರಿಗೇ ಮೊದಲನೇದು. ಅದನ್ನ ಒಂದೇ ಟ್ರೇನಲ್ಲಿ ಹೆಂಗ್ ಪರೀಕ್ಷೆ ಮಾಡ್ತೀರ ಹೇಳಿ? ಹಿಂದೆ ಇನ್ನೊಂದು ಬೇಕಲ್ಲ. ಹಂಗಾಗಿ ಟೆಸ್ಟಿಂಗ್ ಅಂತ ಕರೆದಿದ್ರಲ್ಲಿ ಒಂದು ಪಾಲು ಬರೀ ಕಾಯೋದು.

ಖಾಲಿ ಟ್ರೇನು ಅಂದ್ರಲ್ಲ, ಬಹಳ ಸಲ ಅದು ಖಾಲಿ ಇರಲ್ಲ ಸಾರ್. ಕಿಟಕಿಲಿ ಜನ ಕಾಣಲ್ಲ ಅಷ್ಟೇ, ಒಳಗಡೆ ಮರಳು ಮೂಟೆ ಇರುತ್ತೆ. ನಮ್ಮಲ್ಲಿ ಪ್ಯಾಸೆಂಜರ್ ಒಬ್ಬರಿಗೆ 65 ಕೆಜಿ ಅಂತ ಲೆಕ್ಕ, ಮುನ್ನೂರು ಜನ ಹಿಡಿಸೋ ಸಣ್ಣ ಲೈಟ್ ರೈಲ್ ಗಾಡಿ ಅಂದ್ಕೊಂಡ್ರೂ ಹತ್ತೊಂಬತ್ತೂವರೆ ಟನ್ನು, 50 ಕೆಜಿ ಮೂಟೆ ಆದ್ರೆ 390 ಮೂಟೆ. ಅದನ್ನ ಸೀಟಿನ ಕೆಳಗೆ, ನಿಲ್ಲೋ ಜಾಗದಲ್ಲಿ, ಜನ ಹೆಂಗೆ ತುಂಬ್ಕೋತಾರೋ ಹಂಗೇ ಹರಡಿ ಇಡ್ಬೇಕು, ಒಂದೇ ಕಡೆ ಗುಡ್ಡೆ ಹಾಕಿದ್ರೆ ಸ್ಪ್ರಿಂಗ್ ಲೆಕ್ಕ ತಪ್ಪುತ್ತೆ. ಆಮೇಲೆ ಬೇರೆ ಬೇರೆ ಸ್ಪೀಡಲ್ಲಿ ಎಮರ್ಜೆನ್ಸಿ ಬ್ರೇಕ್ ಒತ್ತಿ ಎಲ್ಲಿ ನಿಲ್ಲುತ್ತೆ ಅಂತ ಅಳೆಯೋದು, ಹಳಿ ಒಣಗಿದ್ದಾಗ ಒಂದ್ಸಲ, ನೀರು ಬಿಟ್ಕೊಂಡು ಒಂದ್ಸಲ, ಗಾಡಿ ಖಾಲಿ ಇದ್ದಾಗ, ತುಂಬಿದ್ದಾಗ. ಮೆಟ್ರೊ ಟ್ರೇನಿಗೆ ಸಾಮಾನ್ಯವಾಗಿ ಕೇಳೋ ಎಮರ್ಜೆನ್ಸಿ ಬ್ರೇಕು ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರ್ ಲೆಕ್ಕದಲ್ಲಿ ಸ್ಪೀಡ್ ಇಳಿಸ್ಬೇಕು. 80 ಕಿಲೋಮೀಟರ್ ಸ್ಪೀಡಲ್ಲಿ ಬರ್ತಿದ್ರೆ ನಿಲ್ಲಕ್ಕೆ ಹೆಚ್ಚುಕಡ್ಮೆ 190 ಮೀಟರ್ ಬೇಕು ಅಂತ ಆಯ್ತು. ಕಬ್ಬಿಣದ ಮೇಲೆ ಕಬ್ಬಿಣ, ಬಸ್ಸಿನ ಟೈರ್ ಥರ ಕಚ್ಕೊಳಲ್ಲ. ರಸ್ತೆ ಮೇಲೆ ಓಡೋ ಲೈಟ್ ರೈಲಿಗೆ ಇದು ಸಾಲಲ್ಲ, ಮುಂದೆ ಸ್ಕೂಟರ್ ಅಡ್ಡ ಬರುತ್ತಲ್ಲ, ಅದ್ಕೆ ಹಳಿಗೇ ಅಂಟ್ಕೊಳೋ ಮ್ಯಾಗ್ನೆಟ್ ಬ್ರೇಕ್ ಇರುತ್ತೆ, ಚಕ್ರದ ಮುಂದೆ ಮರಳು ಉದುರಿಸೋ ಡಬ್ಬನೂ ಇರುತ್ತೆ, ಆ ಮರಳು ಮಳೇಲಿ ಗಟ್ಟಿ ಕಟ್ಕೊಂಡು ಉದುರ್ದೇ ಹೋದ್ರೆ ಏನ್ ಮಾಡೋದು ಅನ್ನೋದಕ್ಕೂ ಒಂದು ಟೆಸ್ಟು.

ಮೈಸೂರಿನವರಿಗೆ ಇದು ಹೊಸದೇನಲ್ಲ ಬಿಡಿ. ದಸರಾಕ್ಕೆ ಕಾಡಿಂದ ಬಂದ ಆನೆ ಮೇಲೆ ಮೊದಲ ದಿನಾನೇ 750 ಕೆಜಿ ಅಂಬಾರಿ ಇಡ್ತಾರಾ? ಮೊದ್ಲು ಸುಮ್ನೆ ನಡಿಗೆ ತಾಲೀಮು, ಆಮೇಲೆ ಮರಳು ಮೂಟೆ, ಮೂಟೆ ಜಾಸ್ತಿ ಮಾಡ್ಕೊಂಡ್ ಹೋಗೋದು, ಆಮೇಲೆ ಮರದ ಅಂಬಾರಿ, ಮಧ್ಯದಲ್ಲಿ ಫಿರಂಗಿ ಸದ್ದಿಗೆ ಬೆದರ್ದೇ ಇರೋ ತಾಲೀಮು, ಅದೂ ಜಂಬೂಸವಾರಿ ಹೋಗೋ ಅದೇ ರಸ್ತೇಲಿ. ಯಾರೂ ಅದನ್ನ ನಾಟಕ ಅನ್ನಲ್ಲ. ಟ್ರೇನಿನ ಟೆಸ್ಟೂ ಇದೇ ಕ್ರಮ: ನಿಂತಲ್ಲಿ ನೋಡೋದು, ಡಿಪೋ ಒಳಗೆ ಓಡಿಸೋದು, ಲೈನ್ ಮೇಲೆ ಮೆಲ್ಲಗೆ, ಆಮೇಲೆ ಪೂರಾ ಸ್ಪೀಡು, ಆಮೇಲೆ ಭಾರ, ಆಮೇಲೆ ಬೇಕಂತ್ಲೇ ಒಂದೊಂದೇ ಕೆಡಿಸಿ ಏನಾಗುತ್ತೆ ಅಂತ ನೋಡೋದು.

ಮೆಲ್ಲಗೆ ಓಡಿಸೋ ಮೊದಲ ರಾತ್ರಿ ಹೆಂಗಿರುತ್ತೆ ಅಂತ ಹೇಳ್ತೀನಿ. ಗಾಡಿ ಓಡುವಾಗ ತೂಗಾಡಿ ಅತ್ತಿತ್ತ ವಾಲಿದ್ರೆ ಎಷ್ಟು ಜಾಗ ಬೇಕೋ ಅಷ್ಟು ಅಳತೆಗೆ ಒಂದು ಚೌಕಟ್ಟು ಮಾಡಿ, ಅದ್ರ ಅಂಚಿಗೆ ಥರ್ಮೋಕೋಲ್ ಅಂಟಿಸಿ, ಗಾಡಿ ಮುಂದಕ್ಕೆ ಕಟ್ಟಿ, ನಡ್ಕೊಂಡ್ ಹೋಗೋ ಸ್ಪೀಡಲ್ಲಿ ತಳ್ಕೊಂಡ್ ಹೋಗ್ತಾರೆ. ಎರಡೂ ಪಕ್ಕ ಟಾರ್ಚ್ ಹಿಡ್ಕೊಂಡು ಹುಡುಗ್ರು. ಎಲ್ಲೋ ಒಂದ್ಕಡೆ ಚರ್ ಅಂತ ಸದ್ದು, ಥರ್ಮೋಕೋಲ್ ಮೇಲೆ ಗೀರು. ನೋಡಿದ್ರೆ ಕೇಬಲ್ ಹಾಕಿದವನು ಬ್ರಾಕೆಟ್ಟನ್ನ ಎರಡಿಂಚು ಹೊರಗೆ ಕೂರ್ಸಿರ್ತಾನೆ, ಇಲ್ಲಾ ಪ್ಲಾಟ್‌ಫಾರ್ಮ್ ಅಂಚಿನ ಗ್ರಾನೈಟು ಒಂದು ಹಲಗೆ ಮುಂದೆ ಬಂದಿರುತ್ತೆ. ಡ್ರಾಯಿಂಗಲ್ಲಿ ಎಲ್ಲಾ ಸರಿಯಾಗೇ ಇರುತ್ತೆ. ಪ್ಲಾಟ್‌ಫಾರ್ಮ್‌ನವ್ರದ್ದು ಒಂದು ಕಂಟ್ರಾಕ್ಟು, ಕೇಬಲ್‌ನವ್ರದ್ದು ಇನ್ನೊಂದು, ಹಳಿಯವ್ರದ್ದು ಮತ್ತೊಂದು, ಅವ್ರವ್ರ ಕೆಲ್ಸ ಅವ್ರವ್ರ ಡ್ರಾಯಿಂಗ್ ಪ್ರಕಾರ ಪಾಸು. ಮೂರೂ ಸೇರೋ ಜಾಗದಲ್ಲಿ ಯಾರೂ ಇರಲ್ಲ, ಅಲ್ಲಿ ಆ ಥರ್ಮೋಕೋಲ್ ಒಂದೇ ಇರೋದು.

ಲೇಟಾಗೋ ನಿಜವಾದ ಜಾಗ ಇದೇ ಸಾರ್, ಒಬ್ರ ಕೆಲ್ಸ ಇನ್ನೊಬ್ರ ಕೆಲ್ಸಕ್ಕೆ ತಾಗೋ ಕಡೆ. ಹವಾಯಿ ದ್ವೀಪದ ಹೊನಲುಲು ಊರಲ್ಲಿ ಡ್ರೈವರ್ ಇಲ್ದೇ ಓಡೋ ಲೈಟ್ ಮೆಟ್ರೊ ಕಟ್ಟಿದ್ರು, ಹಳಿ ರೆಡಿ, ಗಾಡಿ ರೆಡಿ, ಓಡ್ಸಕ್ಕೆ ಹೋದ್ರೆ ಹಳಿ ಕವಲೊಡೆಯೋ ಕ್ರಾಸಿಂಗ್ ಹತ್ರ ಚಕ್ರದ ಅಗಲ ಅರ್ಧ ಇಂಚು ಸಾಲ್ತಾ ಇಲ್ಲ! ಹಳಿ ಕೊಟ್ಟವ್ರು ಅವ್ರ ಸ್ಪೆಸಿಫಿಕೇಶನ್ ಪ್ರಕಾರ ಕೊಟ್ಟಿದಾರೆ, ಗಾಡಿಯವ್ರು ಅವ್ರ ಪ್ರಕಾರ ಕೊಟ್ಟಿದಾರೆ. ವೆಲ್ಡಿಂಗ್ ಮಾಡಿ ತಾತ್ಕಾಲಿಕವಾಗಿ ಸರಿ ಮಾಡೋದು, ಚಕ್ರ ಬದಲಾಯ್ಸೋದು, ಕ್ರಾಸಿಂಗ್ ಬದಲಾಯ್ಸೋದು ಅಂತ ಅದ್ರಲ್ಲೇ ಕಾಲ ಹೋಯ್ತು, ಜನ ಹತ್ತಿದ್ದು 2023ರ ಜೂನ್ 30ಕ್ಕೆ. ಎಂಥಾ ದೊಡ್ಡ ಪ್ರಾಜೆಕ್ಟು, ಅರ್ಧ ಇಂಚಿಗೆ ನಿಂತಿತ್ತು. ಆದ್ರೆ ಟೆಸ್ಟ್ ಮಾಡಿದ್ರಿಂದ್ಲೇ ಅದು ಮೊದ್ಲೇ ಸಿಕ್ಕಿದ್ದು ಅಂತಾನೂ ನೆನಪಿಟ್ಕೊಳಿ.

ನಮ್ಮ ದೇಶದಲ್ಲಿ ಇದೆಲ್ಲಾ ಆದ್ಮೇಲೆ ಕಾಗದದ ದಾರಿ ಒಂದಿದೆ, ಜಾಸ್ತಿ ಎಳೆಯಲ್ಲ. ಹೊಸ ಗಾಡಿ ಆದ್ರೆ ಲಕ್ನೋದ ಆರ್‌ಡಿಎಸ್‌ಒದವ್ರು, ಅಂದ್ರೆ ರೈಲ್ವೆಯ ಸಂಶೋಧನಾ ಸಂಸ್ಥೆಯವ್ರು, ಬಂದು ಅಲುಗಾಟದ ಪರೀಕ್ಷೆ ಮಾಡಿ ಯಾವ ಸ್ಪೀಡಿಗೆ ಓಡಿಸ್ಬೋದು ಅಂತ ಸರ್ಟಿಫಿಕೇಟ್ ಕೊಡ್ತಾರೆ, ರೈಲ್ವೆ ಬೋರ್ಡ್ ಒಪ್ಪಿಗೆ ಕೊಡ್ಬೇಕು, ಸಿಗ್ನಲ್ಲಿಗೆ ಸಪ್ಲೈ ಮಾಡಿದ ಕಂಪ್ನಿಗೆ ಸಂಬಂಧ ಇಲ್ಲದ ಹೊರಗಿನ ಅಸೆಸರ್ ಒಬ್ರು ಸಹಿ ಹಾಕ್ಬೇಕು, ಕಡೆಗೆ ಮೆಟ್ರೊ ಸೇಫ್ಟಿ ಕಮಿಷನರ್ ಖುದ್ದು ಬಂದು ಟ್ರಾಲಿ ಮೇಲೆ ಕೂತು ಲೈನ್ ಪೂರ್ತಿ ನೋಡ್ಬೇಕು. 2002ರ ಮೆಟ್ರೊ ರೈಲ್ವೆ ಕಾಯ್ದೆ ಪ್ರಕಾರ ಇದಿಲ್ದೇ ಒಬ್ಬ ಪ್ಯಾಸೆಂಜರನ್ನೂ ಹತ್ತಿಸೋ ಹಾಗಿಲ್ಲ. ಒಂದು ಒಳ್ಳೇ ವಿಷ್ಯ ಏನಂದ್ರೆ ಈ ಕಮಿಷನರ್ ಸೇರಿರೋ ರೈಲ್ವೆ ಸೇಫ್ಟಿ ಕಮಿಷನ್ನು ರೈಲ್ವೆ ಇಲಾಖೆ ಕೈಕೆಳಗೆ ಇಲ್ಲ, ನಗರಾಭಿವೃದ್ಧಿ ಕೈಕೆಳಗೂ ಇಲ್ಲ, ವಿಮಾನಯಾನ ಇಲಾಖೆ ಕೆಳಗಿದೆ. ಲೈನ್ ಕಟ್ಟಿದವ್ರೇ ಪಾಸು ಅಂತ ಹೇಳ್ಬಾರ್ದು ಅಂತ. ಹಳದಿ ಲೈನಲ್ಲಿ ಇವ್ರ ಇನ್‌ಸ್ಪೆಕ್ಷನ್ ಆಗಿದ್ದು 2025ರ ಜುಲೈ ಕೊನೆಗೆ, ಆಗಸ್ಟ್ 11ಕ್ಕೆ ಜನ ಹತ್ತಿದ್ರು. ಈ ಹಂತ ತಿಂದಿದ್ದು ವಾರಗಳ ಲೆಕ್ಕ, ವರ್ಷಗಳ ಲೆಕ್ಕ ಅಲ್ಲ.

ಈಗ ಒಟ್ಟಾವಾ. ನಿಮ್ ಮಗ ಇರೋ ದೇಶದ ರಾಜಧಾನಿ. ಅಲ್ಲಿ ಕಾನ್ಫೆಡರೇಷನ್ ಲೈನ್ ಅಂತ ಲೈಟ್ ರೈಲು, 13 ಸ್ಟೇಷನ್, ಹನ್ನೆರಡೂವರೆ ಕಿಲೋಮೀಟರು. 2018ರ ಮೇ ತಿಂಗ್ಳಿಗೆ ಕೊಡ್ಬೇಕಿತ್ತು, ಮಧ್ಯದಲ್ಲಿ ಸುರಂಗದ ಹತ್ರ ರಸ್ತೇನೇ ಕುಸಿದು ಹೋಯ್ತು, ಅದೂ ಇದೂ ಆಗಿ ಮುಂದಕ್ಕೆ ಮುಂದಕ್ಕೆ ಹೋಗ್ತಾ ಇತ್ತು. ಕಂಪ್ನಿಯವ್ರು ಆಗಲ್ಲ ಅಂತ ಗೊತ್ತಿದ್ದೂ ಡೇಟ್ ಕೊಡ್ತಾ ಹೋದ್ರು, ಊರಿನ ಆಡಳಿತದವ್ರು ಅದನ್ನ ಜನಕ್ಕೆ ಹೇಳ್ತಾ ಹೋದ್ರು. 2019ರ ಬೇಸಿಗೇಲಿ ಕೊನೇ ಪರೀಕ್ಷೆ ಬಂತು, ಟ್ರಯಲ್ ರನ್ನಿಂಗ್. ಇದು ಬ್ರೇಕ್ ಟೆಸ್ಟ್ ಥರ ಒಂದು ಭಾಗದ ಪರೀಕ್ಷೆ ಅಲ್ಲ, ಜನ ಇಲ್ಲ ಅನ್ನೋದು ಬಿಟ್ರೆ ಎಲ್ಲಾ ನಿಜವಾದ ಸರ್ವೀಸ್ ಹಾಗೇ, ಬೆಳಗ್ಗೆ ಡಿಪೋ ಬಿಡೋದು, ಪೀಕ್ ಅವರ್, ಡ್ರೈವರ್ ಶಿಫ್ಟ್ ಬದಲಾಗೋದು, ರಾತ್ರಿ ವಾಪಸ್ಸು, ಹನ್ನೆರಡು ದಿನ.

ಪಾಸ್ ಮಾರ್ಕ್ ಏನಿತ್ತು ಅಂದ್ರೆ ಆವತ್ತಿನ ಟೈಮ್‌ಟೇಬಲ್ ಪ್ರಕಾರ ಗಾಡಿಗಳು ಎಷ್ಟು ಕಿಲೋಮೀಟರ್ ಓಡ್ಬೇಕೋ ಅದ್ರಲ್ಲಿ 98 ಪರ್ಸೆಂಟ್ ಓಡಿರ್ಬೇಕು. ಓಡ್ಸಿದ್ರು, ಬರ್ಲಿಲ್ಲ. ಗಾಡಿಗಳು ಕೆಡ್ತಾನೇ ಇದ್ವು. ಪರೀಕ್ಷೆ ನಡೀತಿರೋವಾಗ್ಲೇ ಪಾಸ್ ಮಾರ್ಕನ್ನ 96ಕ್ಕೆ ಇಳಿಸಿದ್ರು, ಅದೂ ಹನ್ನೆರಡು ದಿನದಲ್ಲಿ ಒಂಬತ್ತು ದಿನ ಬಂದ್ರೆ ಸಾಕು ಅಂತ. ಪೀಕ್ ಅವರಲ್ಲಿ 15 ಟ್ರೇನ್ ಬೇಕಿದ್ದಿದ್ದನ್ನ 13 ಮಾಡಿದ್ರು. ಪಾಸಾಯ್ತು! ಊರಿನ ಕೌನ್ಸಿಲರ್‌ಗಳಿಗೆ, ಅಂದ್ರೆ ನಮ್ಮ ಕಾರ್ಪೊರೇಟರ್‌ಗಳ ಥರದವ್ರಿಗೆ, ಮಾರ್ಕ್ ಇಳಿಸಿದ ವಿಷ್ಯ ಹೇಳ್ಲೇ ಇಲ್ಲ. ಸೆಪ್ಟೆಂಬರ್ 14ಕ್ಕೆ ಬಾಗಿಲು ತೆಗೆದ್ರು, ಮೂರು ವಾರ ಮಾತ್ರ ಹಳೇ ಬಸ್ಸುಗಳನ್ನ ಪಕ್ಕದಲ್ಲೇ ಓಡಿಸಿ ಅಕ್ಟೋಬರಲ್ಲಿ ಅವನ್ನೂ ತೆಗೆದ್ಹಾಕಿದ್ರು.

ಆಮೇಲೆ ಶುರುವಾಯ್ತು ನೋಡಿ. ಯಾರೋ ಒಬ್ಬ ಪ್ಯಾಸೆಂಜರ್ ಮುಚ್ಕೊಳ್ತಿರೋ ಬಾಗಿಲನ್ನ ಕೈಯಲ್ಲಿ ತಡೆದ್ರೆ ಬಾಗಿಲು ಕೆಟ್ಟು ಇಡೀ ಟ್ರೇನ್ ನಿಲ್ಲೋದು, ಅದ್ರ ಹಿಂದೆ ಎಲ್ಲಾ ಟ್ರೇನ್ ನಿಲ್ಲೋದು, ಪ್ಲಾಟ್‌ಫಾರ್ಮ್ ತುಂಬಿ ಜನ ಮೆಟ್ಟಿಲ ಮೇಲೆ ನಿಲ್ಲೋದು. ಬಾಗಿಲು ತಡೆಯೋದು ಜನ ಮಾಡೋ ಸಾಮಾನ್ಯ ಕೆಲ್ಸ ಅಲ್ವಾ, ಮರಳು ಮೂಟೆ ಬಾಗಿಲು ತಡೆಯಲ್ಲ, ಅದ್ಕೇ ಟೆಸ್ಟಲ್ಲಿ ಅದು ಪೂರ್ತಿ ಕಾಣ್ಲಿಲ್ಲ. ಚಳಿಗಾಲದಲ್ಲಿ ಚಕ್ರಗಳು ಸವೆದು ಚಪ್ಪಟೆಯಾಗಿ ಟಪಟಪ ಅನ್ನಕ್ಕೆ ಶುರು, ಗಾಡಿಗಳು ರಿಪೇರಿಗೆ ಒಳಗೆ ಹೋಗಿ ಹೊರಗೆ ಓಡ್ಸಕ್ಕೆ ಗಾಡಿ ಸಾಲ್ತಿರ್ಲಿಲ್ಲ. 2021ರ ಆಗಸ್ಟಲ್ಲಿ ಒಂದು ಟ್ರೇನ್ ಹಳಿ ತಪ್ತು, ಅದ್ರ ಮುಂದಿನ ತಿಂಗ್ಳೇ ಇನ್ನೊಂದು, ಆ ಎರಡನೇ ಸಲ ಇಡೀ ಲೈನ್ ಐವತ್ತಕ್ಕೂ ಹೆಚ್ಚು ದಿನ ಬಂದ್. ಹಿಂದಿನ ಬಸ್ಸನ್ನೇ ಮತ್ತೆ ತಂದು ಓಡಿಸಿದ್ರು. ಪ್ರಾಂತ್ಯ ಸರ್ಕಾರ ಜಸ್ಟಿಸ್ ವಿಲಿಯಂ ಹೌರಿಗನ್ ಅವ್ರ ಕೈಲಿ ಸಾರ್ವಜನಿಕ ವಿಚಾರಣೆ ಮಾಡಿಸ್ತು, 2022ರ ನವೆಂಬರ್ 30ಕ್ಕೆ ರಿಪೋರ್ಟು ಬಂತು, ಪಾಸ್ ಮಾರ್ಕ್ ಇಳಿಸಿದ್ದು, ಮುಚ್ಚಿಟ್ಟಿದ್ದು ಎಲ್ಲಾ ಅದ್ರಲ್ಲೇ ಹೊರಗೆ ಬಂದಿದ್ದು. ಅವ್ರು ಕೊಟ್ಟ ಸಲಹೆಗಳಲ್ಲಿ ನನಗೆ ಬಹಳ ಸರಿ ಅನ್ಸಿದ್ದು, ಮೊದಲ ದಿನಾನೇ ಇಡೀ ಊರಿನ ಜನರನ್ನ ಹೊಸ ರೈಲಿನ ಮೇಲೆ ಹಾಕ್ಬೇಡಿ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ ಅನ್ನೋದು. ಈ ಲೆಕ್ಕದಲ್ಲಿ ಬೆಂಗ್ಳೂರು 25 ನಿಮಿಷಕ್ಕೊಂದು ಟ್ರೇನ್ ಬಿಟ್ಟಾಗ ಜನ ನಕ್ಕಿದ್ರು, ಅದು ಟ್ರೇನ್ ಇಲ್ದೇ ಮಾಡಿದ್ದೇ ಹೊರತು ಬುದ್ಧಿವಂತಿಕೆಯಿಂದ ಮಾಡಿದ್ದಲ್ಲ ಅನ್ನೋದೂ ನಿಜ, ಆದ್ರೂ ಮೆಲ್ಲಗೆ ಶುರುವಾಗಿದ್ರಿಂದ ಕೆಟ್ಟದ್ದೇನೂ ಆಗ್ಲಿಲ್ಲ.

ಹಂಗಾಗಿ ನಿಮ್ ಮಗ ಅಲ್ಲಿ "ಇನ್ನೂ ಎಷ್ಟ್ ದಿನ" ಅಂತ ಕೇಳೋದಕ್ಕಿಂತ ಟ್ರಯಲ್ ರನ್ನಿಂಗ್ ಎಷ್ಟ್ ದಿನ, ಪಾಸ್ ಮಾರ್ಕ್ ಎಷ್ಟು, ಶುರುವಾದ್ಮೇಲೆ ಅದನ್ನ ಯಾರಾದ್ರೂ ಬದಲಾಯಿಸಿದ್ರಾ ಅಂತ ಕೇಳಿದ್ರೆ ಉತ್ತರದಲ್ಲಿ ಏನಾದ್ರೂ ಹುರುಳಿರುತ್ತೆ. ಟೊರಾಂಟೊದವ್ರು ಎಗ್ಲಿಂಟನ್ ಲೈನಿಗೆ 30 ದಿನದ ಡೆಮಾನ್‌ಸ್ಟ್ರೇಷನ್, ಅಂದ್ರೆ ಇದೇ ಥರ ಜನ ಇಲ್ದೇ ಪೂರ್ತಿ ಸರ್ವೀಸ್ ಓಡಿಸಿ ತೋರ್ಸೋದು, ಇಟ್ಕೊಂಡಿದ್ರು, ಅದನ್ನ ಒಟ್ಟಾವಾದ ಹನ್ನೆರಡು ದಿನದ ಪಕ್ಕ ಇಟ್ಟು ನೋಡಿ. ಅಷ್ಟು ವರ್ಷ ಲೇಟಾಗಿದ್ದಕ್ಕೆ ನಾನು ಅವ್ರ ವಕಾಲತ್ತು ವಹಿಸ್ತಿಲ್ಲ, ಆದ್ರೆ ಆ 30 ದಿನದ ಮೇಲೆ ಮಾತ್ರ ಸಿಟ್ಟಾಗ್ಬೇಡಿ ಅಂತ ಅವನಿಗೆ ಹೇಳಿ.

ನಮ್ಮೂರ ವಿಷ್ಯಕ್ಕೆ ಬರೋಣ. ಕೇಂದ್ರದವ್ರು 2019ರಲ್ಲಿ ಮೆಟ್ರೊಲೈಟ್ ಅಂತ ಸಣ್ಣ ಊರುಗಳಿಗೆ ಒಂದು ಮಾದರಿ ಹೊರಡಿಸಿದ್ರು, ಪೀಕ್ ಅವರಲ್ಲಿ ಒಂದು ದಿಕ್ಕಿಗೆ 15,000 ಜನದವರೆಗೆ, ಮೂರು ಬೋಗಿ, ಸಾಧ್ಯವಾದಷ್ಟೂ ರಸ್ತೆ ಮಟ್ಟದಲ್ಲೇ ಬೇಲಿ ಹಾಕಿದ ದಾರಿ, ಸ್ಟೇಷನ್ನಲ್ಲಿ ಗೇಟ್ ಇಲ್ಲ, ಬ್ಯಾಗ್ ಸ್ಕ್ಯಾನರ್ ಇಲ್ಲ. ಕಟ್ಟೋ ಖರ್ಚು ಕಡ್ಮೆ. ಆದ್ರೆ ಟೆಸ್ಟ್ ಮಾಡೋರ ಕಣ್ಣಿಂದ ನೋಡಿದ್ರೆ ಕಂಬದ ಮೇಲಿನ ಮೆಟ್ರೊಗಿಂತ ರಸ್ತೆ ಮೇಲಿನ ಲೈಟ್ ರೈಲು ಕಷ್ಟ. ಮೇಲೆ ಹೋಗೋ ಟ್ರೇನಿಗೆ ಅಡ್ಡ ಬರೋದು ಹಕ್ಕಿ ಮಾತ್ರ. ಕೆಳಗೆ ಪ್ರತಿ ಸರ್ಕಲ್ಲಲ್ಲೂ ಪೊಲೀಸರ ಸಿಗ್ನಲ್ಲು ಇವ್ರ ಸಿಗ್ನಲ್ಲು ಮಾತಾಡ್ಕೊಬೇಕು, ಗಾಡಿ ಬರ್ತಿದೆ ಅಂತ ಗೊತ್ತಾಗಿ ದೀಪ ಬದಲಾಗ್ಬೇಕು, ಆಂಬುಲೆನ್ಸ್ ಬಂದ್ರೆ ಯಾರಿಗೆ ಮೊದಲು ಅಂತ ತೀರ್ಮಾನ ಆಗ್ಬೇಕು, ಆಯುರ್ವೇದ ಕಾಲೇಜ್ ಸರ್ಕಲ್ಲಲ್ಲಿ ಸಂಜೆ ಆರೂವರೆಗೆ ಅಡ್ಡ ನುಗ್ಗೋ ಆಟೋ ಮುಂದೆ ನಿಲ್ಲುತ್ತಾ ಅಂತ ನೋಡ್ಬೇಕು. ಇದನ್ನ ರಾತ್ರಿ ಎರಡು ಗಂಟೆಗೆ ರಸ್ತೆ ಬಂದ್ ಮಾಡಿ ಟೆಸ್ಟ್ ಮಾಡಿದ್ರೆ ಏನ್ ಉಪಯೋಗ, ಆಟೋದವ್ರು ಮಲಗಿರ್ತಾರೆ.

ನೆಲದ ಕೆಳಗಿಂದು ಇನ್ನೊಂದು ತಲೆನೋವು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಟ್ರಾಮ್ ಹಾಕಕ್ಕೆ ರಸ್ತೆ ಅಗೆದ್ರೆ ನಕ್ಷೇಲಿ ಇರೋದಕ್ಕೂ ಕೆಳಗಿರೋ ಪೈಪು ಕೇಬಲ್ಲಿಗೂ ತಾಳೆನೇ ಇಲ್ಲ, ಕಂಟ್ರಾಕ್ಟರ್ ಜೊತೆ ಜಗಳ, ಕೆಲ್ಸ ನಿಂತಿತು. 2011ಕ್ಕೆ ಅಂದಿದ್ದು 2014ರ ಮೇ 31ಕ್ಕೆ ಓಡ್ತು, 545 ಮಿಲಿಯನ್ ಪೌಂಡ್ ಅಂದಿದ್ದು 776 ಮಿಲಿಯನ್ ಆಯ್ತು. ಅಲ್ಲಿ ಬೆಂಗ್ಳೂರಿಗೆ ತದ್ವಿರುದ್ಧ, ಟ್ರಾಮ್ ಬಂದು ನಿಂತಿದೆ, ಓಡ್ಸಕ್ಕೆ ಹಳಿ ಇಲ್ಲ, 2010ರಲ್ಲಿ ಒಂದನ್ನ ಪ್ರಿನ್ಸಸ್ ಸ್ಟ್ರೀಟಲ್ಲಿ ಜನ ನೋಡ್ಲಿ ಅಂತ ಪ್ರದರ್ಶನಕ್ಕೆ ಇಟ್ಟಿದ್ರು! ಮೈಸೂರಿನ ಹಳೇ ಭಾಗದಲ್ಲಿ ಮಹಾರಾಜರ ಕಾಲದ ಪೈಪ್ ಎಲ್ಲೆಲ್ಲಿದೆ ಅಂತ ಪೂರ್ತಿ ನಕ್ಷೆ ಇಟ್ಕೊಂಡೋರು ಯಾರಾದ್ರೂ ಸಿಕ್ಕಿದ್ರೆ ಅವ್ರನ್ನ ಸನ್ಮಾನ ಮಾಡ್ಬೇಕು. ಇನ್ನು ಡಿಸಿ ಕರೆಂಟಲ್ಲಿ ಓಡೋ ಗಾಡಿಗೆ ಕರೆಂಟು ವಾಪಸ್ ಹೋಗೋದು ಹಳಿ ಮೂಲಕ, ಹಳಿ ಕೆಳಗಿನ ಇನ್ಸುಲೇಷನ್ ಸರಿ ಇಲ್ಲಾಂದ್ರೆ ಅದು ಮಣ್ಣಿಗೆ ಸೋರಿ ಹತ್ರದ ಕಬ್ಬಿಣದ ಪೈಪನ್ನ ವರ್ಷಗಟ್ಲೆ ಮೆಲ್ಲಗೆ ತಿನ್ನುತ್ತೆ, ಅದನ್ನೂ ಓಡ್ಸೋ ಮೊದ್ಲೇ ಅಳೀಬೇಕು.

ಶ್ರೀರಂಗಪಟ್ಟಣದ ಕಥೆ ನಿಮಗೆ ನೆನಪಿರ್ಬೇಕು. ಬೆಂಗ್ಳೂರು ಮೈಸೂರು ಜೋಡಿ ಹಳಿ ಕೆಲ್ಸ ಅಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದು ವರ್ಷಗಟ್ಲೆ ನಿಂತಿತ್ತು, ಕೊನೆಗೆ 2017ರಲ್ಲಿ ಇಡೀ ಕಟ್ಟಡನ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಕೂರ್ಸಿದ್ರು. ಹಳೇ ಊರಲ್ಲಿ ಹಳಿ ಹಾಕೋದು ಅಂದ್ರೆ ಇದು.

ಅರಮನೆ ಮುಂದೆ ತಂತಿ ಎಳೆಯಕ್ಕೆ ಯಾರು ಬಿಡ್ತಾರೆ ಅನ್ನೋದೂ ಇದೆ. ಸಯ್ಯಾಜಿ ರಾವ್ ರಸ್ತೇಲಿ ಲೈಟ್ ರೈಲ್ ಬಂತು ಅಂದ್ಕೊಳಿ, ಜಂಬೂಸವಾರಿ ದಿನ ಆ ಕರೆಂಟ್ ತಂತಿ ಕೆಳಗೆ ಅಂಬಾರಿ ಹೊತ್ತ ಆನೆ ಹೋಗ್ಬೇಕಾ? ತಂತಿ ಇಲ್ದೇ ಓಡ್ಸೋ ದಾರಿ ಇದೆ. ಫ್ರಾನ್ಸಿನ ನೀಸ್ ಊರಲ್ಲಿ ಹಳೇ ಚೌಕ ದಾಟುವಾಗ ಬ್ಯಾಟರೀಲಿ ಓಡುತ್ತೆ. ಬೋರ್ಡೋ ಊರಲ್ಲಿ ಹಳೇ ಕಟ್ಟಡಗಳ ಅಂದ ಕೆಡ್ಬಾರ್ದು ಅಂತ ಹಳಿಗಳ ಮಧ್ಯೆ ನೆಲದಲ್ಲೇ ಕರೆಂಟ್ ಪಟ್ಟಿ ಹಾಕಿದ್ರು, ಗಾಡಿ ಮೇಲಿದ್ದಾಗ ಮಾತ್ರ ಆ ತುಂಡಿಗೆ ಕರೆಂಟು, ಇಲ್ದಿದ್ರೆ ಬಂದ್. ನೋಡಕ್ಕೆ ಚೆಂದ, ಸಿಡ್ನಿಯವ್ರೂ ಆಮೇಲೆ ಅದನ್ನೇ ಹಾಕ್ಕೊಂಡ್ರು. ಆದ್ರೆ 2003ರ ಡಿಸೆಂಬರಲ್ಲಿ ಬೋರ್ಡೋದಲ್ಲಿ ಶುರುವಾದಾಗ ಮೊದಲ ಕೆಲವು ವರ್ಷ ಮಳೆನೀರು ನಿಂತ ಕಡೆಯೆಲ್ಲಾ ಕೈಕೊಡ್ತಿತ್ತು, ತೆಗೆದು ತಂತಿನೇ ಹಾಕ್ಬಿಡೋಣ ಅನ್ನೋ ತನಕ ಮಾತು ಹೋಗಿತ್ತು. ಹೊಸ ತಂತ್ರಜ್ಞಾನನ ಮೊದ್ಲು ತಗೊಂಡ ಊರು ಬೇರೆಯವ್ರ ಪರವಾಗಿ ಟೆಸ್ಟ್ ಮಾಡ್ಕೊಟ್ಟ ಹಾಗೆ. ಮೈಸೂರು ಆ ಸಾಲಲ್ಲಿ ಮುಂದೆ ನಿಲ್ಲೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಸೈಟು. ಸಾರ್, ಒಂದು ಲೈನ್ ಬರ್ಬೇಕಂದ್ರೆ 2017ರ ಮೆಟ್ರೊ ನೀತಿ ಪ್ರಕಾರ ಮೊದ್ಲು ಊರಿನ ಸಂಚಾರದ ಸಮಗ್ರ ಯೋಜನೆ, ಆಮೇಲೆ ಬಸ್ಸೇ ಸಾಕಾ ರೈಲೇ ಬೇಕಾ ಅನ್ನೋ ತುಲನೆ, ಆಮೇಲೆ ಡಿಪಿಆರ್, ಅಂದ್ರೆ ಪ್ರಾಜೆಕ್ಟಿನ ವಿವರವಾದ ರಿಪೋರ್ಟು, ಅದ್ರಲ್ಲಿ ಊರಿಗೆ ಆಗೋ ಲಾಭ ಕನಿಷ್ಠ 14 ಪರ್ಸೆಂಟ್ ರಿಟರ್ನ್ ತೋರಿಸ್ಬೇಕು, ಆಮೇಲೆ ರಾಜ್ಯದ ಕ್ಯಾಬಿನೆಟ್ಟು, ಕೇಂದ್ರದ ಕ್ಯಾಬಿನೆಟ್ಟು, ಟೆಂಡರು, ಕಟ್ಟೋದು, ಅದಾದ್ಮೇಲೆ ಇಷ್ಟೊತ್ತು ನಾನು ಹೇಳಿದ್ದೆಲ್ಲಾ. ಪಕ್ಕದ ಕೇರಳದಲ್ಲಿ ತಿರುವನಂತಪುರಕ್ಕೂ ಕೋಯಿಕ್ಕೋಡಿಗೂ ಲೈಟ್ ಮೆಟ್ರೊ ಅಂತ ಡೆಲ್ಲಿ ಮೆಟ್ರೊದವ್ರೇ ಬಂದು ಆಫೀಸ್ ತೆಗೆದು ಕೂತಿದ್ರು, 2018ರ ಮಾರ್ಚಲ್ಲಿ ಡೆಲ್ಲಿ ಮೆಟ್ರೊ ಕಟ್ಟಿದ ಶ್ರೀಧರನ್ ಅವ್ರು ಸಾಕು ಅಂತ ಎದ್ದು ಹೋದ್ರು, ಅಲ್ಲಿ ಇನ್ನೂ ಒಂದು ಅಡಿ ಹಳಿ ಬಿದ್ದಿಲ್ಲ. ಡಿಪಿಆರ್ ಹಂತ ದಾಟಿದ ಊರಿನ ಕಥೆ ಅದು.

ಆದ್ರಿಂದ ಸೈಟ್ ಬೇಕಿದ್ರೆ ಟೈಟಲ್ಲು, ಖಾತೆ, ಇಸಿ, ಲೇಔಟ್ ಅಪ್ರೂವಲ್ಲು, ನೀರು, ಯುಜಿಡಿ ನೋಡಿ ತಗೊಳಿ, ಬೆಲೆ ಈಗಿರೋ ರಸ್ತೆಗೆ ಈಗಿರೋ ಬಸ್ಸಿಗೆ ಎಷ್ಟೋ ಅಷ್ಟೇ ಕೊಡಿ, ಲೈಟ್ ರೈಲಿನ ಹೆಸರಲ್ಲಿ ಚದರಡಿಗೆ ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಡಿ. ಏಜೆಂಟ್ ಮತ್ತೆ ಫೋನ್ ಮಾಡಿದ್ರೆ ಸ್ಟೇಷನ್ ಎಲ್ಲಿ ಬರುತ್ತೆ ಅಂತ ಕೇಳ್ಬೇಡಿ, ಅದನ್ನ ಯಾರ್ ಬೇಕಾದ್ರೂ ನಕ್ಷೆ ಮೇಲೆ ಚುಕ್ಕೆ ಇಟ್ಟು ತೋರಿಸ್ತಾರೆ. ಡಿಪೋಗೆ ಜಾಗ ಎಲ್ಲಿ ನೋಟಿಫೈ ಆಗಿದೆ ಅಂತ ಕೇಳಿ. ಡಿಪೋ ಇಲ್ದೇ ಯಾವ ಲೈನೂ ಇಲ್ಲ, ಅದಕ್ಕೆ ಎಕರೆಗಟ್ಲೆ ಜಮೀನು ಬೇಕು, ಸರ್ವೆ ನಂಬರ್ ಇಲ್ದೇ ಅದನ್ನ ತೋರಿಸಕ್ಕಾಗಲ್ಲ.